ಲೈಸೆನ್ಸ್ ಕೇಳುವ ಪದ್ದಕ್ಕ

ಪದ್ದಕ್ಕ ಯಾರ ಮನೆಗೆ ಹೋದರೂ ಅಲ್ಲಿನ ಸ್ವಿಚ್ಚನ್ನು ಬೆರಳಿನಿಂದ ಮುಟ್ಟುತ್ತಿರಲಿಲ್ಲ. ಕೈಯಲ್ಲಿದ್ದ ಕೊಡೆಯನ್ನು ತಲೆಕೆಳಗು ಮಾಡಿ, ಅದರ ಮರದ ಹಿಡಿಕೆಯಿಂದ ಒತ್ತುತ್ತಿದ್ದರು. ಬಿರುಬೇಸಿಗೆಯಲ್ಲೂ ಆ ಕೊಡೆ ಜೊತೆಗೇ ಇರುತ್ತಿತ್ತು. ಹೊಸನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಕ್ಕದವರು ಅವರು. ಮೊದಲ ಸಲ ನಮ್ಮಲ್ಲಿಗೆ ಬಂದು ಫ್ಯಾನಿನ ಸ್ವಿಚ್ಚನ್ನು ಹಾಗೆ ಒತ್ತಿದಾಗ, ಏನೋ ಮಡಿಯಿರಬೇಕು ಎಂದುಕೊಂಡೆ.

ಅನುಮಾನ ಅವರ ಹುಟ್ಟುಗುಣವೆಂದೇ ಕೇರಿಯವರೆಲ್ಲ ತಿಳಿದಿದ್ದರು. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದರು. ಬಸ್ಸಿನ ಬೋರ್ಡಿನಲ್ಲಿ ಸಾಗರ ಎಂದು ದೊಡ್ಡದಾಗಿ ಬರೆದಿದ್ದರೂ ಕಂಡಕ್ಟರನ್ನು ಕೇಳಿ, ಅವನು ಹೌದೆಂದ ಮೇಲೆ ಡ್ರೈವರನ್ನೂ ಕೇಳಿಯೇ ಹತ್ತುತ್ತಿದ್ದರು. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ ಎಂದಾಗ ನನ್ನನ್ನೂ ಬಿಡಲಿಲ್ಲ. "ಹೌದಾ? ಯಾವ ಕ್ಲಾಸಿಗೆ? ಅಲ್ಲಿ ಹೆಡ್ಮಾಸ್ಟ್ರು ಯಾರೀಗ?" ಎಂದರು. ನನಗೆ ಸಿಟ್ಟು ನೆತ್ತಿಗೇರಿತ್ತು. ನಾನೇನು ಕಳ್ಳಿಯೇ?

ಆಗ ನಾವು ಊರಿನ ಅಂಚಿನಲ್ಲಿ ಒಂದು ಪುಟ್ಟ ಮನೆ ಕಟ್ಟಿಸುತ್ತಿದ್ದೆವು. ಕೆಲಸವನ್ನೆಲ್ಲ ಯಜಮಾನರ ಚಿಕ್ಕಪ್ಪನ ಮಗ, ರಿಪ್ಪನ್‌ಪೇಟೆಯ ರಮೇಶನಿಗೆ ವಹಿಸಿದ್ದೆವು. ನಮ್ಮವನೇ ಇರುವಾಗ ಬೇರೆಯವರನ್ನು ಯಾಕೆ ಹುಡುಕಬೇಕು? ಗೋಡೆ ಎದ್ದು ತಾರಸಿಯೂ ಆಗಿತ್ತು. ವೈರಿಂಗ್ ಮಾತಾಡಲೆಂದು ಒಂದು ಸಂಜೆ ಅವನು ವರದಹಳ್ಳಿ ಆಶ್ರಮದ ಪ್ರಸಾದ ಹಿಡಿದುಕೊಂಡು ಬಂದ.

"ಸ್ವಾಮಿಗಳ ಸನ್ನಿಧೀಲಿ ಕೇಳ್ಕೊಂಡೇ ಬಂದಿದೀನಿ ಅತ್ತಿಗೆ. ಇನ್ನು ನೀವು ಯೋಚ್ನೆ ಮಾಡೋ ಹಂಗೇ ಇಲ್ಲ" ಎಂದ.

ನಮ್ಮ ಜಗಲಿಯಲ್ಲೇ ಕೂತಿದ್ದ ಪದ್ದಕ್ಕ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಸೆರಗಿಗೆ ಕೈ ಒರೆಸಿಕೊಂಡು ಕೇಳಿದರು: "ಪ್ರಸಾದ ಆಯ್ತು. ಲೈಸೆನ್ಸ್ ಉಂಟಾ?"

"ಯಾರಿಗಮ್ಮಾ?"

"ನಿಂಗೆ. ಕರೆಂಟಿನ ಕೆಲ್ಸ ಮಾಡಕ್ಕೆ."

ಯಜಮಾನರ ಮುಖ ಗಂಟಿಕ್ಕಿತು. ನೆಂಟನ ಹತ್ತಿರ ಲೈಸೆನ್ಸ್ ಕೇಳುವುದೆಂದರೆ ಊಟಕ್ಕೆ ಕೂತವನ ಎಲೆ ಎಳೆದ ಹಾಗೆ. ರಮೇಶ ಮಾತ್ರ ನಗುತ್ತಲೇ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಪದ್ದಕ್ಕ ಕನ್ನಡಕ ಏರಿಸಿಕೊಂಡರು.

"ಇದ್ರಲ್ಲಿರೋ ಹೆಸ್ರು ನಿಂದಲ್ವಲ್ಲ?"

"ನಂಗೆ ಕೆಲ್ಸ ಕಲ್ಸಿದ ಗುರುಗಳದ್ದಮ್ಮ, ನಿಟ್ಟೂರಿನವ್ರು. ಕೆಲ್ಸ ನಾ ಮಾಡ್ತೀನಿ, ಸೈ ಅವ್ರು ಹಾಕ್ತಾರೆ. ಎಲ್ಲಾ ಕಡೆ ಹಿಂಗೇ ನಡ್ಯದು."

"ಹೌದಾ? ಆಗ್ಲಿ."

ಅವರು "ಆಗ್ಲಿ" ಎಂದರೆ ಆಗಲಿಲ್ಲ ಎಂದೇ ಅರ್ಥ. ಮರುದಿನ ಕೊಡೆ ಹಿಡಿದುಕೊಂಡು ನಿಟ್ಟೂರಿನ ಬಸ್ಸು ಹತ್ತಿದರು. ಸಂಜೆ ಬಂದವರು ತಮ್ಮ ಮನೆಯ ಬೀಗವನ್ನೂ ತೆಗೆಯದೆ ನೇರ ನಮ್ಮ ಜಗಲಿಗೆ ಬಂದರು.

"ಒಳ್ಳೆ ಜನ ಮಾರಾಯ್ತಿ, ಕಾಫಿ ಕೊಟ್ರು. ಆದ್ರೆ ಪಾಪ, ಕಣ್ಣೇ ಸರಿ ಕಾಣಲ್ಲ. ಮನೆ ಬಿಟ್ಟು ಎಲ್ಲೂ ಹೋಗಲ್ವಂತೆ. ನಿಮ್ಮನೆ ಯಾವ ದಿಕ್ಕಿಗಿದೆ ಅಂತ್ಲೂ ಗೊತ್ತಿಲ್ಲ, ಸೈ ಹಾಕಕ್ಕೆ ಮಾತ್ರ ತಯಾರು! ಬರ್ತಾ ಕರೆಂಟ್ ಆಫೀಸಲ್ಲೂ ವಿಚಾರ್ಸಿದೆ. ಆ ಲೈಸೆನ್ಸಿನ ಅವಧಿ ಮುಗ್ದು ಯಾವ ಕಾಲ ಆಯ್ತೋ."

"ನಮ್ಮ ಸಂಸಾರದಲ್ಲಿ ಹುಳಿ ಹಿಂಡಕ್ಕೆ ಇವ್ರಿಗೆ ಹೇಳಿದವ್ರು ಯಾರು?" ಎಂದು ಯಜಮಾನರು ಅವರಿಗೆ ಕೇಳುವಂತೆಯೇ ಹೇಳಿ ಒಳಗೆ ಹೋದರು. ನನಗೂ ರೇಗಿತ್ತು.

"ಇಷ್ಟೊಂದು ಅನುಮಾನ ಯಾಕೆ ಪದ್ದಕ್ಕ? ಅವ್ನು ನಮ್ಮವ್ನು."

ಅವರು ಕೊಡೆಯ ಹಿಡಿಕೆಯನ್ನು ಸವರಿದರು.

"ನಂಗೊಬ್ಳು ತಂಗಿ ಇದ್ಲು, ಶಾರದೆ ಅಂತ. ತೀರ್ಥಹಳ್ಳೀಲಿ ಹೊಸ ಮನೆ ಕಟ್ಸಿದ್ರು. ಗೃಹಪ್ರವೇಶದ ತೋರಣ ಇನ್ನೂ ಬಾಗ್ಲಲ್ಲೇ ಇತ್ತು. ಸ್ನಾನಕ್ಕೆ ಅಂತ ಬಚ್ಚಲಿಗೆ ಹೋದ್ಲು, ಗೀಸರ್ ಸ್ವಿಚ್ಚಿಗೆ ಕೈ ಹಾಕಿದ್ಲು. ಅಷ್ಟೆ. ವೈರಿಂಗ್ ಮಾಡ್ದವ ಅವ್ಳ ಗಂಡನ ಅಣ್ಣನ ಮಗ. ವೈಕುಂಠದೂಟಕ್ಕೆ ಅವ್ನೇ ಮುಂದೆ ನಿಂತು ಬಡಿಸ್ದ. ನಿಂಗೆ ಈ ಕೆಲ್ಸ ಗೊತ್ತಿತ್ತೇನೋ ಅಂತ ಒಬ್ರೂ ಕೇಳ್ಲಿಲ್ಲ. ನಮ್ಮವ ಅಲ್ವಾ! ನಾನೂ ಅವ್ನು ಬಡಿಸಿದ್ದು ಉಂಡು ಬಂದೆ."

ಒಳಗೆ ಯಜಮಾನರಿಗೂ ಕೇಳಿಸಿರಬೇಕು. ಹೊರಗೆ ಬಂದು ಪದ್ದಕ್ಕನಿಗೆಂದು ಒಂದು ಕುರ್ಚಿ ಎಳೆದು ಇಟ್ಟರು.

ವೈರಿಂಗ್ ಬೇರೆಯವರಿಗೆ ಕೊಡುತ್ತೇವೆ ಎಂದಾಗ ರಮೇಶ ಉಳಿದ ಕೆಲಸವನ್ನೂ ಬಿಟ್ಟು ಹೋದ. ಗೃಹಪ್ರವೇಶಕ್ಕೆ ಆ ಮನೆಯವರು ಯಾರೂ ಬರಲಿಲ್ಲ. ಅವನ ತಾಯಿ, ನನ್ನ ಚಿಕ್ಕತ್ತೆ, ಇವತ್ತಿಗೂ ರಿಪ್ಪನ್‌ಪೇಟೆ ಸಂತೆಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ನೋವಾಗುವುದಿಲ್ಲ ಎಂದರೆ ಸುಳ್ಳಾದೀತು.

ಸಾಗರದಿಂದ ಹೊಸ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿದೆವು. ಪದ್ದಕ್ಕ ಕೇಳುವ ಮೊದಲೇ ಅವನು ಲೈಸೆನ್ಸ್ ತೆಗೆದು ಅವರ ಕೈಗೆ ಕೊಟ್ಟ. ಕೇಳದೆ ಯಾಕೆ ಕೊಟ್ಟ ಎಂದು ಪದ್ದಕ್ಕನಿಗೆ ಅದೂ ಒಂದು ಅನುಮಾನ! ಆಫೀಸಿಗೆ ಹೋಗಿ ವಿಚಾರಿಸಿ ಬಂದ ಮೇಲೆಯೇ ಅವರಿಗೆ ಸಮಾಧಾನ. ಸೋರಿದ ಕರೆಂಟು ನೆಲಕ್ಕಿಳಿಯಲೆಂದು ತೋಡಿದ ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬುವ ದಿನ ಬಿಸಿಲಿಗೆ ಕೊಡೆ ಬಿಚ್ಚಿಕೊಂಡು ಗುಂಡಿಯ ಬಾಯಲ್ಲೇ ನಿಂತಿದ್ದರು. ಚೀಲದಿಂದ ಒಂದು ಹರಳು ತೆಗೆದು ನಾಲಿಗೆಗೆ ಹಚ್ಚಿ, "ಹ್ಞಾಂ, ಉಪ್ಪೇ" ಎಂದರು. ಕೆಲಸದವರು ಬಿದ್ದು ಬಿದ್ದು ನಕ್ಕರು.

ಅಷ್ಟಾದರೂ ನಮ್ಮ ಹೊಸ ಮನೆಗೆ ಬಂದಾಗಲೆಲ್ಲ ಅವರು ಸ್ವಿಚ್ ಒತ್ತುತ್ತಿದ್ದದ್ದು ಕೊಡೆಯ ಹಿಡಿಕೆಯಿಂದಲೇ.

ಕಳೆದ ಚಳಿಗಾಲದ ಒಂದು ಮುಸ್ಸಂಜೆ ಬಂದರು. ತುಂಬ ಸೋತಿದ್ದರು, ಉಸಿರು ಕಟ್ಟುತ್ತಿತ್ತು. ಅವರನ್ನು ನಡುಮನೆಯಲ್ಲಿ ಕೂರಿಸಿ ನಾನು ಕಾಫಿಗೆಂದು ಒಳಗೆ ಹೋದೆ. ಕತ್ತಲಾಗಿದೆ, ದೀಪ ಹಾಕಿಲ್ಲವಲ್ಲ ಎಂದು ನೆನಪಾಗುವಷ್ಟರಲ್ಲಿ ಸ್ವಿಚ್ಚಿನ ಸದ್ದಾಯಿತು. ಬಂದು ನೋಡಿದರೆ ಪದ್ದಕ್ಕ ಗೋಡೆಯ ಹತ್ತಿರ ನಿಂತಿದ್ದರು. ಕೊಡೆ ಕುರ್ಚಿಗೆ ಒರಗಿತ್ತು. ಅವರ ತೋರುಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

"ನಿಮ್ಮನೇದು ಅಡ್ಡಿಲ್ಲ" ಎಂದರು.

ಹೋಗುವಾಗ ಕೊಡೆ ಮರೆತರು. ನಾಳೆ ಕೊಟ್ಟರಾಯಿತು ಎಂದುಕೊಂಡೆ. ಬೆಳಗ್ಗೆ ಅವರು ಏಳಲೇ ಇಲ್ಲ.

ಕೊಡೆ ನನ್ನಲ್ಲೇ ಇದೆ. ಬೇರೆಯವರ ಮನೆಗೆ ಹೋಗುವಾಗ ಬಿರುಬೇಸಿಗೆಯಾದರೂ ಅದನ್ನು ಹಿಡಿದುಕೊಂಡೇ ಹೋಗುತ್ತೇನೆ.