ಎಡಗಡೆ ಸೀಟಿನ ಬ್ರೇಕು

ನಮ್ಮ ಭಾವನನ್ನು ಊರಿನವರು ಸೆಕೆಂಡ್ ಗೇರ್ ಮೇಷ್ಟ್ರು ಅಂತ ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವರಿಗೆ ಬೇಜಾರಿರಲಿಲ್ಲ, ಬೇಜಾರೆಲ್ಲ ನನಗೆ. ಕಾರು ಕಲಿಸುವ ಶಾಲೆ ಅವರದು. ಶಾಲೆ ಅಂದರೆ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ, ಗೋಡೆಗೆ ರಸ್ತೆ ಚಿಹ್ನೆಗಳ ಪಟ, ಹೊರಗೆ ಒಂದು ಬಿಳಿ ಕಾರು. ಆ ಕಾರಿನಲ್ಲಿ ಎಡಗಡೆ ಸೀಟಿನ ಕಾಲಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಕಲಿಯುವವರು ಬಲಗಡೆ ಕೂತು ಬೆವರು ಸುರಿಸುತ್ತಿದ್ದರೆ ಭಾವ ಎಡಗಡೆ ಕೂತು, ಇವರು ಎಲ್ಲಿ ಎಡವಟ್ಟು ಮಾಡುತ್ತಾರೋ ಅಂತ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕಾಯುತ್ತಿದ್ದರು. ಮಾರುಕಟ್ಟೆ ಬೀದಿ, ಆಸ್ಪತ್ರೆ ತಿರುವು, ನೀರಿನ ಟ್ಯಾಂಕು ಸುತ್ತಿ ವಾಪಸ್ಸು. ಜೀವಮಾನವೆಲ್ಲ ಇದೇ ಗಾಣ. ಎರಡನೇ ಗೇರು ದಾಟುವುದಕ್ಕೆ ಆ ಬೀದಿಗಳಲ್ಲಿ ಜಾಗವೂ ಇರಲಿಲ್ಲ, ಕಲಿಯುವವರಿಗೆ ಧೈರ್ಯವೂ ಇರಲಿಲ್ಲ.

ಅವರಿಗೆ ಕಾಡಿನ ಹುಚ್ಚು ಹಿಡಿಸಿದವನು ಒಬ್ಬ ಅರಣ್ಯ ಕಾವಲುಗಾರ. ಜೀಪು ಓಡಿಸಲು ಲೈಸೆನ್ಸ್ ಬೇಕು ಅಂತ ರಜೆ ಹಾಕಿ ಬಂದು ಭಾವನ ಹತ್ತಿರ ಕಲಿತ. ಅವನ ಕಾಡು ಇಲ್ಲಿಂದ ಮೂರು ದಿನದ ದಾರಿಯಂತೆ. ಕೊನೆಯ ಊರು ದಾಟಿದ ಮೇಲೆ ಪೆಟ್ರೋಲ್ ಬಂಕಿಲ್ಲ, ಅಂಗಡಿಯಿಲ್ಲ, ಫೋನಿಲ್ಲ. ಒಳಗೆ ನಮ್ಮ ಕಾರಿನಲ್ಲೇ ನಾವು ಹೋಗಬಹುದು, ಆದರೆ ಕೆಳಗಿಳಿಯುವ ಹಾಗಿಲ್ಲ. ಆನೆ ಹಿಂಡು ಅಡ್ಡ ಬಂದರೆ ಇಂಜಿನ್ ಆಫ್ ಮಾಡಿ ಕೂರಬೇಕು.

ಅವತ್ತು ಊಟಕ್ಕೆ ಕೂತಾಗ ಭಾವನ ಮುಖ ಅರಳಿತ್ತು. "ಹಾರ್ನೇ ಹೊಡೆಯೋ ಹಾಗಿಲ್ವಂತೆ ಕಣೇ ಅಲ್ಲಿ!" ಅಂದರು ಅಕ್ಕನಿಗೆ.

"ಹಾಗಾದ್ರೆ ನಿಮ್ಮ ಬಾಯಿಗೂ ಬೀಗ ಹಾಕಿ ಕಳಿಸ್ತಾರಾ?" ಅಂದಳು ಅಕ್ಕ.

ಮಾರನೆಯ ದಿನವೇ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕದ ಗೋಡೆಗೆ ಒಂದು ನಕ್ಷೆ ಬಂತು. ಪಲ್ಯ ಬಾಡಿಸುವಾಗ ಹಾರಿದ ಎಣ್ಣೆ ಅದರ ಮೇಲೆ ಕೆರೆಗಳಿಲ್ಲದ ಕಡೆಯೆಲ್ಲ ಕೆರೆ ಮಾಡಿತು. ಎಲ್ಲಿ ತಂಗುವುದು, ಯಾವ ಸೇತುವೆ ಕಿರಿದು ಎಂದೆಲ್ಲ ಭಾವ, ಕಾವಲುಗಾರ ಕಾಡಿನಿಂದ ಊರಿಗೆ ಬಂದಾಗಲೆಲ್ಲ ಅವನಿಗೆ ಫೋನ್ ಮಾಡಿ ತಿಳಿದುಕೊಂಡರು. ಹಿತ್ತಲಲ್ಲಿ ಅಕ್ಕನನ್ನು ಕಾರಿನಲ್ಲಿ ಕೂರಿಸಿ ಸುಮ್ಮನಿರುವ ಅಭ್ಯಾಸವನ್ನೂ ಮಾಡಿಸಿದರು. "ಆನೆ ಬಂತು ಅಂದ್ಕೋ. ಉಸಿರು ಬಿಡಬೇಡ." ಪಕ್ಕದ ಮನೆಯ ಬೆಕ್ಕು ಕಾರಿನ ಮುಂದೆ ಹಾದುಹೋಗುತ್ತಿತ್ತು. ಅಕ್ಕ ತಡೆಯಲಾರದೆ, "ರೀ, ಒಲೆ ಮೇಲೆ ಹಾಲಿಟ್ಟಿದ್ದೀನಿ" ಅನ್ನುತ್ತಿದ್ದಳು. ಹಿಂದಿನ ಸೀಟಿನಲ್ಲಿ ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ನಾನು ಅಕ್ಕನ ತಂಗಿ. ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದೆ, ಕನ್ನಡಕದ ಅಂಗಡಿಯಲ್ಲಿ ಕೆಲಸ. ನನ್ನ ನಾಲಿಗೆಗೆ ಹೆದರಿ ಭಾವ ನನಗೆ ಮೆಣಸಿನಕಾಯಿ ಅಂತ ಹೆಸರಿಟ್ಟಿದ್ದರು.

ಯೋಜನೆಯೇನೋ ಅಚ್ಚುಕಟ್ಟು, ಹೊರಡುವುದು ಮಾತ್ರ ಆಗಲೇ ಇಲ್ಲ. ಒಂದು ವರ್ಷ ಲೈಸೆನ್ಸ್ ಪರೀಕ್ಷೆಗೆ ಹುಡುಗರ ದಂಡು, ಇನ್ನೊಂದು ವರ್ಷ ಕಾರಿನ ಇಂಜಿನ್ ಕೈಕೊಟ್ಟಿತು, ಮತ್ತೊಂದು ವರ್ಷ ಅಕ್ಕನ ಮಂಡಿ. ಅಷ್ಟರಲ್ಲಿ ಮಳೆ ಬರುತ್ತಿತ್ತು; ಮಳೆ ಬಂದರೆ ಕಾಡಿನ ಗೇಟು ಮುಚ್ಚುತ್ತಾರೆ. "ಬರೋ ವರ್ಷ ನೋಡಿ" ಅನ್ನುತ್ತಿದ್ದರು ಭಾವ. ಹಾಗೆ ಹೇಳುತ್ತಲೇ ಕೂದಲು ಹಣ್ಣಾಯಿತು.

ಆಮೇಲೆ ಹೃದಯ ಸೋತಿತು. ಯಾವ ಗಳಿಗೆಯಲ್ಲಾದರೂ ಪ್ರಜ್ಞೆ ತಪ್ಪಬಹುದು, ಸ್ಟೀರಿಂಗ್ ಮುಟ್ಟಕೂಡದು ಅಂದರು ಡಾಕ್ಟರು. ಭಾವ ಶಾಲೆಯನ್ನು ಹಳೆಯ ಶಿಷ್ಯನಿಗೆ ಬಿಟ್ಟುಕೊಟ್ಟು ಕಾರನ್ನು ಮಾತ್ರ ಉಳಿಸಿಕೊಂಡರು. ದಿನವಿಡೀ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ನಕ್ಷೆಯ ದಾರಿಯ ಮೇಲೆ ಬೆರಳಾಡಿಸುತ್ತಿದ್ದರು. ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು, "ಎಲ್ಲಾದ್ರೂ ಹೋಗಿ ಬರೋ ಆಸೆ ಇದ್ರೆ ಈ ಬೇಸಿಗೇಲೇ ಮುಗಿಸಿಬಿಡಿ. ಬರೋ ವರ್ಷದ ಮಾತು ಬೇಡ" ಅಂದಿದ್ದರು.

ಅವತ್ತು ಮನೆಗೆ ಬಂದವಳೇ ಅಕ್ಕ ಚಪ್ಪಲಿ ಕೂಡ ಬಿಡದೆ ಅಂದಳು: "ನನಗೆ ಕಾರು ಕಲಿಸಿ. ನಾನು ಕರ್ಕೊಂಡು ಹೋಗ್ತೀನಿ."

ಊರಿಗೆಲ್ಲ ಕಾರು ಕಲಿಸಿದವರ ಹೆಂಡತಿ ಅಲ್ಲಿಯ ತನಕ ಸ್ಟೀರಿಂಗ್ ಮುಟ್ಟಿದವಳಲ್ಲ. ಭಾವ ಅವಳ ಮುಖವನ್ನೇ ನೋಡಿದರು. ಆಮೇಲೆ ಎದ್ದು ಕಾರಿನ ಕೀಲಿ ಹುಡುಕಲು ಹೋದರು.

ಅಕ್ಕ ಕಲಿತದ್ದನ್ನು ನೋಡಿ ನನಗೇ ಆಶ್ಚರ್ಯ. ಶಿಷ್ಯರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ ಮನುಷ್ಯ ಅಕ್ಕನಿಗೆ ಒಂದು ಬಿರುಸು ಮಾತಾಡಲಿಲ್ಲ. "ಹಾಂ, ಹಾಗೇ. ಚೆನ್ನಾಗಿದೆ." ಇಷ್ಟೇ. ಕಾರು ಸಿಗ್ನಲ್ಲಿನಲ್ಲಿ ಬೆಣ್ಣೆಯ ಹಾಗೆ ನಿಲ್ಲುತ್ತಿತ್ತು. ಖಾಲಿ ಮೈದಾನದಲ್ಲಿ ನಡೆಯುವ ಪರೀಕ್ಷೆಯಲ್ಲಿ ಬ್ರೇಕಿಗೆ ಅಂಥ ಕೆಲಸವಿರುವುದಿಲ್ಲ, ಅಲ್ಲೂ ಪಾಸಾದಳು. ಅವಳನ್ನು ಹಿಡಿಯುವವರೇ ಇರಲಿಲ್ಲ. "ನಿನ್ನ ಹಾಗೆ ಆಟೋಗೆ ಕಾಯೋ ಗತಿ ನನಗಿಲ್ಲಮ್ಮ" ಅಂತ ನನ್ನನ್ನೇ ಆಡಿಕೊಂಡಳು.

ಹೊರಡುವುದಕ್ಕೆ ಎಲ್ಲ ಸಿದ್ಧವಾಗಿತ್ತು. ನೀರಿನ ಕ್ಯಾನು, ಎರಡನೆಯದೊಂದು ಸ್ಟೆಪ್ನಿ ಚಕ್ರ, ಮಾತ್ರೆಗಳ ಡಬ್ಬಿ, ಭಾವ ಕೂತೇ ನಿದ್ದೆ ಮಾಡಲು ಮೂರು ದಿಂಬು. ಆ ದಿನ ಟೈರಿಗೆ ಗಾಳಿ ಹಿಡಿಸಿಕೊಂಡು ಬರೋಣ ಅಂತ ಮೂವರೂ ಹೋದೆವು. ಭಾವನ ಪಾದಗಳು ಬೆಳಗಿನಿಂದ ಊದಿಕೊಂಡಿದ್ದವು. ಕೆಳಗೆ ಇಳಿಬಿಟ್ಟರೆ ನೋವು ಅಂತ ಡ್ಯಾಶ್‌ಬೋರ್ಡಿನ ಮೇಲೆ ಒಂದು ದಿಂಬಿಟ್ಟು ಕಾಲುಗಳನ್ನು ಅದರ ಮೇಲೆ ಚಾಚಿಕೊಂಡಿದ್ದರು.

ಆಸ್ಪತ್ರೆ ತಿರುವಿನಲ್ಲಿ ನೀರಿನ ಟ್ಯಾಂಕರೊಂದು ನಿಂತಿತ್ತು. ದೂರದಿಂದಲೇ ಕಾಣುತ್ತಿತ್ತು. ಅಕ್ಕನಿಗೂ ಕಂಡಿತ್ತು. ಕಾರು ಹೋಯಿತು, ಹೋಗುತ್ತಲೇ ಇತ್ತು. "ಬ್ರೇಕ್!" ಅಂತ ಭಾವ ಕೂಗುವುದಕ್ಕೂ ನಾವು ಟ್ಯಾಂಕರಿಗೆ ಗುದ್ದುವುದಕ್ಕೂ ಸರಿಹೋಯಿತು. ಒಂದು ದೀಪ ಪುಡಿಪುಡಿ, ಮುಂದಿನ ಬಂಪರು ನೆಗ್ಗಿತು. ಬೈಯಲು ಇಳಿದುಬಂದ ಟ್ಯಾಂಕರಿನವನು ಮೇಷ್ಟ್ರನ್ನು ನೋಡಿ ನಮಸ್ಕಾರ ಮಾಡಿದ.

"ಒತ್ತಿದೆನಲ್ರೀ!" ಅಂದಳು ಅಕ್ಕ. "ಯಾವಾಗ್ಲೂ ಒತ್ತೋ ಹಾಗೇ ಒತ್ತಿದೆ. ಯಾವಾಗ್ಲೂ ನಿಲ್ತಿತ್ತು. ಇವತ್ಯಾಕೆ ನಿಲ್ಲಲಿಲ್ಲ?"

ಭಾವ ತಮ್ಮ ಕಾಲುಗಳನ್ನೇ ನೋಡುತ್ತ ಕೂತಿದ್ದರು. ಮನೆ ಸೇರಿ, ಅಕ್ಕ ಕೊಟ್ಟ ನೀರು ಕುಡಿದು, ಲೋಟವನ್ನು ಕೆಳಗಿಡದೆ ಹೇಳಿದರು. "ನಿಲ್ಲಿಸ್ತಾ ಇದ್ದದ್ದು ನೀನಲ್ಲ. ನಾನು. ನೀನು ಮುಟ್ಟೋಕೆ ಮುಂಚೆ ನನ್ನ ಕಾಲು ಒತ್ತಿರ್ತಿತ್ತು. ದೇವರಾಣೆ, ನನಗೇ ಗೊತ್ತಾಗಲಿಲ್ಲ ಕಣೇ. ಬೇರೆಯವರಿಗೆ ಒಂದ್ಸಲ ಭಯ ಆಗೋ ತನಕ ಬಿಡ್ತಿದ್ದೆ, ಆಗಲೇ ಅವರು ಕಲಿಯೋದು. ನಿನಗೆ ಭಯ ಆಗೋದನ್ನ ನೋಡೋಕೆ ನನ್ನಿಂದ ಆಗಲಿಲ್ಲ."

"ಅಂದ್ರೆ ಇಷ್ಟು ದಿನ ನನ್ನನ್ನ ಗೊಂಬೆ ಹಾಗೆ ಕೂರಿಸಿದ್ರಾ?" ಅಂದಳು ಅಕ್ಕ. ಅವಳ ಸಿಟ್ಟು ನನಗೆ ಅರ್ಥವಾಯಿತು. ಅವಳು ಬದುಕಿನಲ್ಲಿ ತನ್ನದು ಅಂತ ಬೀಗಿದ್ದು ಅದೊಂದೇ ವಿದ್ಯೆಗೆ, ಅದೂ ಅವಳದಾಗಿರಲಿಲ್ಲ.

ಮಾರನೆಯ ದಿನ ಭಾವ ಮೆಕ್ಯಾನಿಕ್ಕನ್ನು ಕರೆಸಿದರು. ದೀಪ ಹಾಕಿಸಿದ ಮೇಲೆ, "ಎಡಗಡೆಯ ಬ್ರೇಕು ಕ್ಲಚ್ಚು ಎರಡನ್ನೂ ಕಿತ್ತುಬಿಡು" ಅಂದರು.

"ಮೇಷ್ಟ್ರೇ, ಅಕ್ಕೋರು ಇನ್ನೂ ಹೊಸಬರು..."

"ಅದಕ್ಕೇ ಹೇಳ್ತಿರೋದು. ಕೀಳು."

ಕಿತ್ತ ಜಾಗದ ಮೇಲೆ ಒಂದು ತುಂಡು ರಬ್ಬರ್ ಚಾಪೆ ಹಾಸಿದರು. ಅವತ್ತಿನಿಂದ ನಿಜವಾದ ಪಾಠ ಶುರುವಾಯಿತು. ಭಾವ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂರುತ್ತಿದ್ದರು. ತಿರುವು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಾರು ಮುಗ್ಗರಿಸಿ ನಮ್ಮ ಹಣೆ ಮುಂದಕ್ಕೆ ಬಡಿಯುತ್ತಿತ್ತು. "ಕಾಲೆಲ್ಲಿಟ್ಟಿದ್ದೀಯಾ? ಮನೇಲಿ ಬಿಟ್ಟು ಬಂದ್ಯಾ?" ಅಂತ ಮೊದಲ ಸಲ ಅಕ್ಕನ ಮೇಲೆ ರೇಗಿದರು. ಅಕ್ಕ ಅಳುತ್ತಾಳೆ ಅಂದುಕೊಂಡೆ. ಅವಳು ನಕ್ಕುಬಿಟ್ಟಳು. ಬೈಗುಳ ತಿಂದಾಗಲೇ ತಾನೂ ಒಬ್ಬ ಶಿಷ್ಯೆ ಅನ್ನಿಸಿತಂತೆ ಅವಳಿಗೆ. ಕೆಲವು ವಾರ ಕಳೆಯುವಷ್ಟರಲ್ಲಿ ಭಾವ ಬೈಯುವುದನ್ನೂ ಬಿಟ್ಟರು, ನಿಲ್ಲಿಸು ಅನ್ನುವುದನ್ನೂ ಬಿಟ್ಟರು. ಎಲ್ಲಿ ನಿಲ್ಲಬೇಕು ಅನ್ನುವುದು ಅವಳಿಗೇ ತಿಳಿಯುತ್ತಿತ್ತು.

ಆದರೆ ಹಾಗೆ ಕಳೆದ ವಾರಗಳು ಭಾವನಿಗೆ ಉಳಿದಿದ್ದ ವಾರಗಳೇ ಆಗಿದ್ದವು. ಬೇಸಿಗೆ ಮುಗಿಯುತ್ತ ಬಂದಿತ್ತು, ಭಾವ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರು. "ಈಗ ಬೇಡ" ಅಂತ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಹೊರಟೆವು.

ಮೊದಲ ದಿನ ನಮ್ಮೂರಿನ ಗದ್ದಲ ದಾಟಿ ಬಯಲು ಬಂದಾಗ ರಸ್ತೆ ನೇರವಾಗಿ ಬಿದ್ದುಕೊಂಡಿತ್ತು. ಎದುರಿಗೆ ಒಂದು ಗಾಡಿಯಿಲ್ಲ. "ಐದಕ್ಕೆ ಹಾಕು" ಅಂದರು ಭಾವ. ಅಕ್ಕ ಹಾಕಿದಳು. ಇಂಜಿನ್ನಿನ ಸದ್ದು ಇಳಿಯಿತು, ಕಾರು ಹಗುರವಾಯಿತು. ಭಾವ ಕಿಟಕಿಯಿಂದ ಕೈ ಹೊರಗೆ ಚಾಚಿ, "ನೋಡಿದ್ಯಾ ಮೆಣಸಿನಕಾಯಿ, ಸೆಕೆಂಡ್ ಗೇರ್ ಮೇಷ್ಟ್ರು ಹೋಗ್ತಾ ಇದ್ದಾರೆ!" ಅಂತ ಕೂಗಿದರು. ಅಷ್ಟು ಸುಖವಾಗಿದ್ದ ಮನುಷ್ಯನನ್ನು ನಾನು ಇನ್ನೊಮ್ಮೆ ನೋಡಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಎರಡನೆಯ ದಿನ ಮಾತು ಕಡಿಮೆಯಾಯಿತು. ಕೊನೆಯ ಊರಿನ ವಸತಿಗೃಹದಲ್ಲಿ, ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಮೂರೂ ದಿಂಬು ಒರಗಿ ಕೂತೇ ಬೆಳಗು ಮಾಡಿದರು. ಆದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಾರಿನ ಹತ್ತಿರ ನಿಂತಿದ್ದವರು ಅವರೇ, ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು.

ಊರು ದಾಟಿ ಸ್ವಲ್ಪ ಹೊತ್ತಿಗೆ ಡಾಂಬರು ಮುಗಿಯಿತು. ಬಲಕ್ಕೆ ಮಣ್ಣಿನ ದಾರಿ, ಆನೆಯ ಚಿತ್ರದ ಹಲಗೆ. ಆ ದಾರಿಯಲ್ಲಿ ಅರ್ಧ ದಿನ ಹೋದರೆ ಕಾಡಿನ ಗೇಟು. ಅಕ್ಕ ತಿರುವಿನಲ್ಲಿ ಕಾರು ನಿಲ್ಲಿಸಿ ಭಾವನ ಕಡೆ ತಿರುಗಿದಳು. ಅವರ ತುಟಿ ನೀಲಿಯಾಗಿತ್ತು. ಎದೆ ಮೇಲೆ ಕೆಳಗೆ ಹೋಗುತ್ತಿತ್ತು.

"ಹೋಗು" ಅಂದರು ಭಾವ.

"ಮುಂದೆ ಡಾಕ್ಟರಿಲ್ಲ ಕಣ್ರೀ. ಫೋನಿಲ್ಲ."

"ಗೊತ್ತು. ಹೋಗು."

"ಆಸ್ಪತ್ರೆ ಹಿಂದಿನ ಊರಲ್ಲಿದೆ. ಒಂದೆರಡು ದಿನ ಇದ್ದು, ಸುಧಾರಿಸ್ಕೊಂಡು ಬರೋಣ."

"ಇವಳೇ, ಸುಧಾರಿಸ್ಕೊಳ್ಳೋದೆಲ್ಲ ಮುಗೀತು. ನಿನ್ನ ಕೈ ಮುಗೀತೀನಿ. ಹೋಗು."

ನಾನು ಹಿಂದಿನ ಸೀಟಿನಲ್ಲಿ ನೀರಿನ ಕ್ಯಾನು ಅಪ್ಪಿಕೊಂಡಿದ್ದೆ. ಅಕ್ಕ ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಕೂತಳು. ಆಮೇಲೆ ರಿವರ್ಸ್ ಹಾಕಿ, ಕನ್ನಡಿ ನೋಡಿ, ಅವರು ಕಲಿಸಿದ ಹಾಗೆಯೇ ಒಂದು ಮುಕ್ಕೂ ಆಗದಂತೆ ಕಾರು ತಿರುಗಿಸಿದಳು. ಭಾವ ಕೂಗಲಿಲ್ಲ. ಅವರ ಊದಿದ ಬಲಗಾಲು ಮಾತ್ರ ಆ ರಬ್ಬರ್ ಚಾಪೆಯನ್ನು ಒತ್ತುತ್ತಿತ್ತು, ಒತ್ತುತ್ತಲೇ ಇತ್ತು.

ಆಸ್ಪತ್ರೆಯವರು ಉಳಿಸಿಕೊಟ್ಟದ್ದು ಮಳೆ ಶುರುವಾಗುವ ತನಕ. ಮನೆಯ ಹಾಸಿಗೆಯಲ್ಲಿ, ಮೂಗಿಗೆ ನಳಿಕೆ ಹಾಕಿಕೊಂಡು, ನೋಡಲು ಬಂದವರಿಗೆಲ್ಲ ಐದನೇ ಗೇರಿನ ಕಥೆ ಹೇಳುತ್ತಿದ್ದರು. ಕಾಡಿನ ಮಾತನ್ನು ಯಾರೂ ಎತ್ತಲಿಲ್ಲ. ಭಾವ ಅಕ್ಕನ ಮೇಲೆ ಒಂದು ಮಾತೂ ಆಡಲಿಲ್ಲ. ಅವಳು ಗಂಜಿ ಕುಡಿಸಿದರೆ ಕುಡಿಯುತ್ತಿದ್ದರು, ಅವಳ ಕೈ ಸಿಕ್ಕರೆ ಹಿಡಿದುಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಹಾಗೇ ಕೈ ಹಿಡಿದುಕೊಂಡಿದ್ದಾಗ ಹೋದರು.

ಆಮೇಲೆ ಡಾಕ್ಟರು ಸಮಾಧಾನಕ್ಕೆ ಅಂತ, "ನೀವು ಅವತ್ತು ಕಾಡಿಗೇ ಹೋಗಿದ್ರೂ ಅವರು ಹೆಚ್ಚು ಕಡಿಮೆ ಇಷ್ಟೇ ದಿನ ಇರ್ತಿದ್ರಮ್ಮ" ಅಂದರು. ಆ ಮಾತನ್ನು ನುಂಗಿಕೊಂಡಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಇವತ್ತಿಗೂ ನನಗೆ ಅವರ ಮೇಲೆ ಸಿಟ್ಟಿದೆ.

ಮಳೆ ಬಿಟ್ಟ ಮೇಲೆ ಕಾವಲುಗಾರ ಫೋನ್ ಮಾಡಿದ. ಗೇಟು ತೆರೆದಿದ್ದಾರೆ, ಅಕ್ಕೋರಾದರೂ ಬಂದು ಹೋಗಲಿ ಅಂದ. ಅಕ್ಕ ಹಿತ್ತಲಲ್ಲಿ ಕಾರು ತೊಳೆಯುತ್ತಿದ್ದಳು. ಹೇಳಿದೆ. ಬರಲ್ಲ ಅಂತ ಹೇಳು ಅಂದಳು, ಕೈಯಲ್ಲಿದ್ದ ಬಟ್ಟೆ ಹಿಂಡುತ್ತ.

"ನೀನು ಅವತ್ತು ಮಾಡಿದ್ದು ಸರಿಯಾಗೇ ಇತ್ತು ಅಕ್ಕ. ಯಾರಿದ್ರೂ ಹಾಗೇ ಮಾಡ್ತಿದ್ರು."

"ಯಾರಿದ್ರೂ ಅಲ್ಲ ಕಣೇ." ಅಕ್ಕ ಒದ್ದೆ ಬಟ್ಟೆಯಲ್ಲೇ ಮುಖ ಒರೆಸಿಕೊಂಡಳು. "ಆ ಟ್ಯಾಂಕರಿಗೆ ಗುದ್ದಿದ್ಲಲ್ಲ, ನಿಲ್ಲಿಸೋಕೆ ಬರದಿದ್ದ ಆ ಹಳೇ ನಾನು, ಅವಳಾಗಿದ್ದಿದ್ರೆ ನಿಲ್ಲಿಸ್ತಿರಲಿಲ್ಲ. ಹೋಗು ಅಂದ್ರೆ ಹೋಗ್ತಿದ್ಲು. ಅವಳ ಜೊತೇಲಿ ಅವರು ಆನೆ ನೋಡಿರ್ತಿದ್ರು."