ಸೀಸೆಗೊಂದು ಬಟ್ಟೆಯ ಚೀಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲೈಂಗಿಕ ಸೋಂಕು ಮತ್ತು ಮೂತ್ರದ ತೊಂದರೆಗಳಿಗೆ ಔಷಧ ಕೊಡುವ ಆಸ್ಪತ್ರೆಯ ಹಿಂಬಾಗಿಲು ತೆರೆದು, ನೆಲ ಒರೆಸಿ, ಆಯಾ ಮೊದಲು ಮಾಡುವ ಕೆಲಸ ಬೆಂಚನ್ನು ಗೋಡೆಯ ಕಡೆಗೆ ತಿರುಗಿಸುವುದು. ಕೂತವರ ಮುಖ ಬಂದುಹೋಗುವವರಿಗೆ ಕಾಣಬಾರದು. ಆಮೇಲೆ ಹಳೇ ಪರದೆ ಕತ್ತರಿಸಿ ತಾವೇ ಹೊಲಿದ ಪುಟ್ಟ ಚೀಲಗಳನ್ನು ಮೊಳೆಗೆ ನೇತುಹಾಕುತ್ತಾರೆ. ಮೂತ್ರದ ಸೀಸೆ ಹಿಡಿದು ನಡುವಿನ ಪಡಸಾಲೆ ದಾಟುವಷ್ಟರಲ್ಲಿ ಜನರ ಜೀವ ಬಾಯಿಗೆ ಬಂದಿರುತ್ತದೆ. ಚೀಲದೊಳಗಿದ್ದರೆ ಅದೂ ಒಂದು ಸಾಮಾನು, ಅಷ್ಟೇ. ಅದಕ್ಕೇ ಇವರು ಎಲ್ಲರಿಗೂ ಚೀಲದಕ್ಕ.

“ಆಡೋರ ಬಾಯಿಗೆ ಬಟ್ಟೆ ಕಟ್ಟೋಕಾಗಲ್ಲ, ಸೀಸೆಗಾದ್ರೂ ಕಟ್ಬಹುದಲ್ಲ” ಎಂದು, ಇವರ ಬಗ್ಗೆ ಬರೆಯಲು ಬಂದ ನನ್ನ ಕಡೆ ನೋಡಿ ನಗುತ್ತಾರೆ. ಇವತ್ತು ಆ ನಗು ಮುಖದಲ್ಲಿ ಉಳಿಯುವುದಿಲ್ಲ. ಕಣ್ಣು ಬಾಗಿಲಲ್ಲೇ ಇದೆ.

ಕಾಯುತ್ತಿರುವುದು ಒಬ್ಬ ಬಸುರಿಗಾಗಿ. ಅವಳ ರಕ್ತದಲ್ಲಿ ಸಿಫಿಲಿಸ್ ಕಂಡಿದೆ. ಮೊದಲಿಗೆ ಬರುವ ಹುಣ್ಣು ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ. ವಾಸಿಯಾಯಿತೆಂದು ಜನ ಮರೆಯುತ್ತಾರೆ, ರೋಗ ಒಳಗೇ ಉಳಿದು ಹೊಟ್ಟೆಯ ಕೂಸನ್ನೂ ಮುಟ್ಟುತ್ತದೆ. ವಾರಕ್ಕೊಂದರಂತೆ ಮೂರು ಪೆನಿಸಿಲಿನ್ ಇಂಜೆಕ್ಷನ್; ಇವತ್ತು ಎರಡನೆಯದು. ತಪ್ಪಿಸಿಕೊಂಡರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಬಹುದು, ಹೆರಿಗೆಗೆ ಅಷ್ಟು ದಿನವಿಲ್ಲ.

ಗಂಡ ತೀರಿಕೊಂಡ ಮೇಲೆ ಚೀಲದಕ್ಕ ಈ ಕೆಲಸಕ್ಕೆ ಸೇರಿದಾಗ, ಸ್ವಂತ ತಂಗಿಯೇ ಅವರು ಕುಡಿದ ಲೋಟವನ್ನು ಬೇರೆ ಇಟ್ಟಳಂತೆ. ದಿನಕ್ಕೆ ನಲವತ್ತು ಮಂದಿಯಾದರೂ ಇಲ್ಲಿಗೆ ಬರುತ್ತಾರೆ. ಹೊರಗೆ ಒಬ್ಬರ ಪರಿಚಯವೂ ಇವರಿಗಿಲ್ಲ.

“ಒಂದ್ಸಲ ಮಾರ್ಕೆಟ್ಟಲ್ಲಿ ಇಲ್ಲಿಗೆ ಬರ್ತಿದ್ದ ಹುಡುಗೀನ ನೋಡಿ ನಕ್ಬಿಟ್ಟೆ. ಪಕ್ಕದಲ್ಲಿದ್ದ ಅವಳ ನಾದಿನಿ, ಈಯಮ್ಮ ನಿಂಗೆ ಹೇಗೆ ಗೊತ್ತು ಅಂತ ಕೇಳಿದ್ಳು. ಆ ಹುಡುಗಿ ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ. ಅವತ್ತಿಂದ ಬೀದೀಲಿ ನಾನು ಕುರುಡಿ.”

ಬಾಗಿಲು ಕಿರುಗುಟ್ಟುತ್ತದೆ. ಬಸುರಿ ಬಂದಳು. ಅವಳ ಬೆನ್ನಿಗೇ ಅತ್ತೆ! ಹುಡುಗಿಯ ಮುಖದಲ್ಲಿ ಒಂದು ತೊಟ್ಟು ರಕ್ತವಿಲ್ಲ.

“ಏನ್ರೀ, ಬಸುರೀಗೆ ವಾರವಾರ ಎಂಥ ಇಂಜೆಕ್ಷನ್ನು?” ಅತ್ತೆಯ ಗಂಟಲು ಗಡಸು.

ನಿಜ ಹೇಳಿದರೆ ಹುಡುಗಿಯ ಬಾಳು ಬೀದಿಗೆ ಬೀಳುತ್ತದೆ. ಈಯಮ್ಮ ಅವಳನ್ನು ಎಳೆದುಕೊಂಡು ಹೋದರೆ ಕೂಸಿನ ಗತಿ ಏನು? ಚೀಲದಕ್ಕ ಇಬ್ಬರ ನಡುವೆ ಬಂದು ನಿಲ್ಲುತ್ತಾರೆ.

“ಮಗೂನ ಕಾಯೋ ಇಂಜೆಕ್ಷನ್ ಕಣಮ್ಮಾ. ಅದಕ್ಕಿಂತ ಜಾಸ್ತಿ ನಾನು ಹೇಳಂಗಿಲ್ಲ. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳೋದು ಇಲ್ಲಿಲ್ಲ.”

“ಅತ್ತೆಗೂ?”

“ಹೆತ್ತ ತಾಯಿಗೂ.”

ಅತ್ತೆ ದುರುಗುಟ್ಟಿ ನೋಡುತ್ತಾರೆ. ಅಷ್ಟರಲ್ಲಿ ನರ್ಸ್ ಹುಡುಗಿಯನ್ನು ಒಳಗೆ ಕರೆದು ಬಾಗಿಲು ಹಾಕುತ್ತಾರೆ. ಅತ್ತೆ ಚೀಲದಕ್ಕನ ಹತ್ತಿರ ಬರುತ್ತಾರೆ. ಗಡಸು ಎಲ್ಲಿ ಹೋಯಿತೋ.

“ಹಂಗಾದ್ರೆ... ನನ್ನ ವಿಷಯಾನೂ ಅವಳಿಗೆ ಹೋಗಲ್ವಾ?”

ಎರಡು ತಿಂಗಳಿಂದ ಅತ್ತೆಗೆ ಮೂತ್ರ ಮಾಡುವಾಗ ಬೆಂಕಿಯಂಥ ಉರಿ. ಹೋಗುವುದಕ್ಕೇ ಹೆದರಿ ನೀರು ಕುಡಿಯುವುದನ್ನು ಬಿಟ್ಟಿದ್ದಾರೆ. “ಗಂಡ ಸತ್ತು ಎಷ್ಟೋ ವರ್ಷ ಆಯ್ತು. ಈಗ ಈ ಕಾಯ್ಲೆ ಅಂದ್ರೆ ಜನ ಏನಂತಾರೆ? ಸೊಸೆ ಏನಂದ್ಕೋತಾಳೆ?”

“ಉರಿ ಬಂದೋರೆಲ್ಲ ತಪ್ಪು ಮಾಡಿದೋರಲ್ಲಮ್ಮ. ಮೂತ್ರದ ಸೋಂಕು ಯಾರಿಗೆ ಬೇಕಾದ್ರೂ ಬರುತ್ತೆ. ಇನ್ನೂ ತಡ ಮಾಡಿದ್ರೆ ಕಿಡ್ನಿಗೆ ಏರೀತು. ಡಾಕ್ಟ್ರು ಪರೀಕ್ಷೆ ಮಾಡ್ಲಿ” ಎನ್ನುತ್ತ ಚೀಲದಕ್ಕ ಮೊಳೆಯಿಂದ ಒಂದು ಚೀಲ ತೆಗೆದು, ಸೀಸೆ ಹಾಕಿ ಕೊಡುತ್ತಾರೆ.

ಸೊಸೆ ಸೊಂಟ ನೀವಿಕೊಳ್ಳುತ್ತ ಹೊರಬರುವ ಹೊತ್ತಿಗೆ ಅತ್ತೆ ಚೀಲವನ್ನು ಪರೀಕ್ಷೆಗೆ ಕೊಟ್ಟು ಬಂದು, ಗೋಡೆ ನೋಡುತ್ತ ಬೆಂಚಿನ ಮೇಲೆ ಕೂತಿದ್ದಾರೆ, ಏನೂ ಆಗದವರ ಹಾಗೆ. “ಮುಂದಿನ ವಾರಾನೂ ಬರ್ಬೇಕಂತೆ ಅತ್ತೆ” ಎನ್ನುತ್ತಾಳೆ ಹುಡುಗಿ.

“ಬರೋಣ ಬಿಡು. ನಾನೇ ಕರ್ಕೊಂಡ್ಬರ್ತೀನಿ.”

ಇಬ್ಬರೂ ಹೋದಮೇಲೂ ಚೀಲದಕ್ಕ ಬಾಗಿಲನ್ನೇ ನೋಡುತ್ತಾರೆ. “ಅವಳ ಗಂಡ ಇನ್ನೂ ಬಂದಿಲ್ಲ. ಅವನೂ ಔಷಧಿ ತಗೊಳ್ದೆ ಹೋದ್ರೆ ಮತ್ತೆ ಅವಳಿಗೇ ಅಂಟುತ್ತೆ. ನಂಗೆ ಅದೇ ಭಯ. ಬರಿಯೋವಾಗ ಇವರ ಗುರುತು ಸಿಗದ ಹಾಗೆ ಬದಲಾಯಿಸಿ, ಮಾತು ಕೊಡಿ.”

ಕೊಟ್ಟದ್ದಾಯಿತು. ಸಂಜೆ ಹೊರಡುವಾಗ ನಿಮಗೇನು ಬೇಕು ಎಂದು ಕೇಳಿದರೆ ಬರಿದಾದ ಮೊಳೆಯ ಕಡೆ ನೋಡುತ್ತಾರೆ.

“ಯಾರ ಮನೇಲಾದ್ರೂ ಹಳೇ ಪರದೆ ಇದ್ರೆ ಕಳ್ಸೋಕೆ ಹೇಳಿ. ದಪ್ಪ ಬಟ್ಟೆ ಆಗ್ಬೇಕು. ಒಳಗಿರೋದು ಕಾಣಿಸ್ಬಾರ್ದು.”