ತೊಳೆದ ಮೂಲಂಗಿ

ನಾನು ಚಿಕ್ಕವನಿದ್ದಾಗ, ಅಂದರೆ ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಕನಕಪುರದ ಹತ್ತಿರ ನಮ್ಮ ಹೊಲದ ಪಕ್ಕದಲ್ಲೇ ಒಂದು ಕಾಲುವೆ ಹರಿಯುತ್ತಿತ್ತು. ಮೇಲುಗಡೆ ಕಾರ್ಖಾನೆಗಳು, ಕೆಲಸಗಾರರ ಶೆಡ್ಡುಗಳು ಎದ್ದಮೇಲೆ ಅಲ್ಲಿನ ಮೋರಿ ನೀರೆಲ್ಲ ಅದಕ್ಕೇ ಸೇರುತ್ತಿತ್ತು. ಒಸಿ ನಾತ ಇತ್ತು, ನಿಜ. ಆದರೆ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಮೂಲಂಗಿ ತೋಳಿನಷ್ಟು ದಪ್ಪ ಬರುತ್ತಿತ್ತು. ನಮಗೆ ಅದೇ ಹೆಮ್ಮೆ.

ಸಂತೆಯ ದಿನ ಬೆಳಿಗ್ಗೆ ಅಪ್ಪ, ಅಂದರೆ ನಿಮ್ಮ ತಾತ, ಮೂಲಂಗಿ ಕೀಳುತ್ತಿದ್ದರು. ಅಕ್ಕ ಮೊಣಕಾಲುದ್ದ ನೀರಿಗಿಳಿದು ತೊಳೆಯುತ್ತಿದ್ದಳು. ನಾನು ಬಾಳೆನಾರಲ್ಲಿ ಕಟ್ಟು ಕಟ್ಟುತ್ತಿದ್ದೆ. ಮಣ್ಣಿದ್ದರೆ ಸಂತೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಕೆಲಸ ಮುಗಿದಾಗ ಎಳೆಯದೊಂದು ಮೂಲಂಗಿ ಆರಿಸಿ, ಮತ್ತೊಮ್ಮೆ ಕಾಲುವೆಯಲ್ಲಿ ಅದ್ದಿ, ಅಪ್ಪ ಅಕ್ಕನಿಗೆ ಕೊಡುವುದು ವಾಡಿಕೆ.

"ನಂಗೆ?" ಅಂದೆ ಒಂದು ದಿನ.

"ಮೊನ್ನೆ ಖಾರ ಅಂತ ಉಗುದ್ಬುಟ್ಟಲ್ಲಾ, ಸುಮ್ಕಿರ್ಲಾ," ಅಂದರು ಅಪ್ಪ.

"ಇವ್ನಿಗ್ಯಾಕಪ್ಪಾ ಮೂಲಂಗಿ, ಒಂದಚ್ಚು ಬೆಲ್ಲ ಕೊಡು," ಅಂತ ಅಕ್ಕ ಕಟಕಟ ಕಡಿದು ನನ್ನನ್ನು ಅಣಕಿಸಿದಳು.

ಅವತ್ತೇ ಸಂತೆಯಲ್ಲಿ, "ಬನ್ನಿ, ಎಳೇ ಮೂಲಂಗಿ" ಅಂತ ಕೂಗುತ್ತಿದ್ದ ಅಕ್ಕ ಇದ್ದಕ್ಕಿದ್ದಂತೆ ಬಿದ್ದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಯಾರೋ ಓಡಿಬಂದು ಅವಳ ಮುಷ್ಟಿಗೆ ಬೀಗದಕೈ ಇಟ್ಟರು. ಅಪ್ಪ ಕಬ್ಬಾಳಮ್ಮನಿಗೆ ಹರಕೆ ಹೊತ್ತರು. ಫಿಟ್ಸು ನಿಲ್ಲಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ತಲೆಯ ಫೋಟೋ ತೆಗೆದರು.

"ಮಿದುಳಲ್ಲಿ ಹುಳ ಗೂಡು ಕಟ್ಟೈತೆ. ಬಹಳ ದಿನದಿಂದ ಐತೆ. ಮೋರಿ ನೀರಿನ ತರಕಾರಿ ಹಸೀದು ತಿಂದ್ರೆ ಅದರ ಮೊಟ್ಟೆ ಒಳಕ್ಕೆ ಹೋಯ್ತದೆ," ಅಂದರು ಡಾಕ್ಟರು.

"ತೊಳ್ದೇ ಕೊಡ್ತಿದ್ದೆ ಸ್ವಾಮಿ."

"ಯಾವ ನೀರಲ್ಲಿ?"



ಮಾತ್ರೆ ನುಂಗುತ್ತಲೇ ಅಕ್ಕ ಸೊರಗಿದಳು. ಮುಂದಿನ ಬೆಳೆ ಬರುವ ಮೊದಲೇ ಹೋಗಿಬಿಟ್ಟಳು. ನಮ್ಮ ಮೂಲಂಗಿ ಕೊಂಡವರ ಮನೆಗಳಲ್ಲಿ ಏನಾಯಿತೋ, ಗೊತ್ತಿಲ್ಲ. ಅಪ್ಪ ಆಮೇಲೆ ಆ ಹೊಲದಲ್ಲಿ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಮಾತ್ರ ಹಾಕಿದರು.

ನಿಮಗೆ ನಲ್ಲಿ ತಿರುಗಿಸಿದರೆ ನೀರು. ತಾತ ಒಂದು ಸೌತೆಕಾಯಿಯನ್ನು ನಾಲ್ಕು ಸಲ ತೊಳೆಸಿದರೆ ನಗುತ್ತೀರಿ. ನಗಿ, ಆದರೆ ತೊಳೆಯಿರಿ. ಮಹಾಲಯ ಅಮಾವಾಸ್ಯೆಗೆ ಅಕ್ಕನ ಎಡೆಗೆ ಅವಳಿಗಿಷ್ಟವಾದ ಮೂಲಂಗಿ ಇಡುತ್ತೇವಲ್ಲ, ಹಿಂದಿನ ದಿನವೇ ತಾತ ಅದಕ್ಕೆಂದು ನೀರು ಕುದಿಸಿ ಆರಿಸಿಡುತ್ತಾರೆ. ಆ ಮೂಲಂಗಿ ತೊಳೆಯಲು ಮಾತ್ರ ಅವರು ಯಾರ ಕೈಗೂ ಕೊಡುವುದಿಲ್ಲ.